ಬೆಟ್ಟಮ್ಮನ ಮೊಟ್ಟೆಗಳು

ಹಾಸನ, ೧೨ ಫೆಬ್ರವರಿ ೧೯೬೪

ಕೊಣನೂರಿನ ಬೆಟ್ಟಮ್ಮ ತಂದ ನಾಟಿಕೋಳಿ ಮೊಟ್ಟೆಗಳ ಭ್ರೂಣದಿಂದ ಪ್ರಯೋಗಾಲಯದ ಸೀಸೆಯಲ್ಲಿ ನಾನು ಬೆಳೆಸಿದ ಜೀವಕೋಶಗಳು ಇಂದು ಮತ್ತೆ ಸತ್ತು, ಗಾಜಿನಿಂದ ಕಳಚಿ ಬಿದ್ದಿವೆ. ನನ್ನ ಕೈಯೇ ಶುಚಿಯಿರಲಿಲ್ಲವೇ? ಆದರೆ ಅದೇ ಕೈಯಲ್ಲಿ ಬೆಳೆಸಿದ ಹೊಳೆನರಸೀಪುರದ ಮೊಟ್ಟೆಗಳ ಜೀವಕೋಶಗಳು ಚೆನ್ನಾಗಿ ಹರಡಿವೆ. ತಾಯಿಕೋಳಿಯಲ್ಲಿ ಕಾಣಿಸದೆ ಮರಿಗೆ ದಾಟುವ ರೋಗವೊಂದು ಮೊಟ್ಟೆಯೊಳಗೇ ಇರಬೇಕು.

ಮಧ್ಯಾಹ್ನ ಬೆಟ್ಟಮ್ಮ ಬಂದಾಗ ಕೋಳಿಗಳು ಹೇಗಿವೆ ಎಂದು ಕೇಳಿದೆ.

“ಗುಂಡ್ಕಲ್ಲಂಗವೆ ಅಮ್ಮಾರೇ. ನೀವೇ ಆರಿಸ್ಕಂಡ ಮೊಟ್ಟೆ ಅಂತ ಕೇರಿಯೋರೆಲ್ಲ ಇಸ್ಕಂಡೋಗಿ ಕಾವಿಗೆ ಕೂರ್ಸವ್ರೆ. ಇವತ್ತು ನಿಮಗೇ ಇಲ್ಲ,” ಎಂದು ನಕ್ಕಳು.

ನಾನೂ ನಕ್ಕೆ. ಪೂರ್ತಿ ಖಚಿತವಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಇನ್ನೇನು ಖಚಿತವಾಗಬೇಕಿತ್ತು? ಅವಳ ಬಸ್ಸು ಹೊರಟುಹೋಯಿತು. ಈಗ ಆ ಕೇರಿಯ ಮನೆಮನೆಯ ಮೂಲೆಯಲ್ಲೂ ಹೇಂಟೆಗಳು ಆ ಮೊಟ್ಟೆಗಳನ್ನು ಬೆಚ್ಚಗೆ ಅವುಚಿಕೊಂಡು ಕೂತಿರುತ್ತವೆ.