ಗುರುಮಲ್ಲೇಶನ ಇಷ್ಟಲಿಂಗ

ಕೃಷ್ಣರಾಜನಗರ
೬ ಜೂನ್ ೧೯೯೯

ಚಿರಂಜೀವಿ ಉಷಾರಾಣಿಗೆ ಭಾವನ ಆಶೀರ್ವಾದಗಳು.

ನೈಜೀರಿಯದ ಸೈನಿಕರು ಆಡಳಿತವನ್ನು ಚುನಾಯಿತ ಸರ್ಕಾರಕ್ಕೆ ಒಪ್ಪಿಸಿದ ವಾರ್ತೆಯನ್ನು ಬಾನುಲಿಯಲ್ಲಿ ಕೇಳಿದೆ. ಅಲ್ಲಿ ನೀನು ಪಾಠ ಮಾಡುವ ಶಾಲೆ ಎಂದಿನಂತೆ ನಡೆಯುತ್ತಿದೆಯೆಂದು ಭಾವಿಸುತ್ತೇನೆ.

ಆರು ವರ್ಷಗಳ ಹಿಂದೆ ನಿನ್ನ ಪತಿ ಗುರುಮಲ್ಲೇಶ ಅಲ್ಲಿಂದ ನನಗೆ ಬರೆದಿದ್ದ: "ಅಣ್ಣ, ಇಲ್ಲಿ ಓಟು ಮುಗೀತು. ಹೊಸ ಸರ್ಕಾರ ಬಂದೇಟಿಗೆ ರಜಾ ಹಾಕಿ ಬತ್ತೀನಿ, ಅವ್ವಂಗೆ ಹೇಳು." ಸೈನಿಕರು ಆ ಚುನಾವಣೆಯನ್ನೇ ರದ್ದುಪಡಿಸಿದರು. ಮರುವರ್ಷ ಅವನು ಜ್ವರದಿಂದ ತೀರಿಕೊಂಡ. ಅಲ್ಲಿಯೇ ಮಣ್ಣು ಮಾಡಿದಿರಿ.

ನಮ್ಮವರನ್ನು ಮಣ್ಣು ಮಾಡುವಾಗ ಅವರವರ ಇಷ್ಟಲಿಂಗವನ್ನು ಎಡಗೈಯಲ್ಲಿರಿಸುವುದು ಸಂಪ್ರದಾಯ. ಅವನ ಕೈ ಬರಿದಾಗಿತ್ತು. ಊರು ಬಿಡುವ ದಿನ, "ಪರದೇಶದಲ್ಲಿ ಕಳೆದುಹೋದೀತು, ಮನೆಯಲ್ಲೇ ಬಿಟ್ಟು ಹೋಗು" ಎಂದವನು ನಾನು. ಅವ್ವ ಇಂದಿಗೂ ತನ್ನ ಲಿಂಗದೊಡನೆ ಅವನದನ್ನೂ ಪೂಜಿಸುತ್ತಾಳೆ. ನನ್ನನ್ನು ಒಮ್ಮೆಯೂ ದೂರಲಿಲ್ಲ. ಮೊನ್ನೆ ವಾರ್ತೆ ಮುಗಿದ ಮೇಲೆ ಮಾತ್ರ, "ದಂಡಿನೋರು ಹೋದ್ರಲ್ಲ, ಇನ್ನಾದ್ರೂ ಅವನದ್ನ ಅವನಿಗೆ ಮುಟ್ಟಿಸ್ಬುಡು ಕಣಪ್ಪ" ಎಂದಳು.

ದಾರಿಯುದ್ದಕ್ಕೂ ಸೈನಿಕರ ತಪಾಸಣೆಯಿದ್ದುದರಿಂದ ಇದುವರೆಗೆ ಯಾರೂ ಅದನ್ನು ಒಯ್ಯಲು ಒಪ್ಪಿರಲಿಲ್ಲ. ನಿನ್ನ ಶಾಲೆಯ ಶಿವಶಂಕರ ರಜೆ ಮುಗಿಸಿ ಮರಳುತ್ತಿದ್ದಾನೆ. ಈ ಪತ್ರದೊಡನೆ ಅದನ್ನೂ ತಲುಪಿಸುವನು. ಸಮಾಧಿಯನ್ನು ತೆರೆಯುವುದು ಬೇಡ. ಮೇಲಿಂದ ಮೊಳದಾಳ ಮಣ್ಣು ತೋಡಿ, ವಿಭೂತಿಯೊಡನೆ ಇರಿಸಿದರೆ ಸಾಕು. ಇರಿಸಿದ ದಿನವನ್ನು ಬರೆದು ತಿಳಿಸು, ಅವ್ವ ಕಾಯುತ್ತಿರುತ್ತಾಳೆ.

ಅವನ ಎಡಗೈ ಯಾವ ಕಡೆಗಿದೆಯೆಂಬುದು ನಮ್ಮ ಮನೆಯಲ್ಲಿ ನಿನಗೊಬ್ಬಳಿಗೇ ಗೊತ್ತು.

ನಿನ್ನ ಹಿತ ಬಯಸುವ ಭಾವ,
ಮಹದೇವಪ್ಪ