ಅಡುಗೆಮನೆ ಹಿಂದಿನ ಬದನೆ ಸಾಲು

ಕೃಷಿ ಕಾಲೇಜು ಹಾಸ್ಟೆಲ್, ಲಗೂನಾ
ಭಾನುವಾರ

ಪ್ರೀತಿಯ ಅಪ್ಪನಿಗೆ,

ಇಲ್ಲಿಂದಲೇ ನಿಮ್ಮ ಕೈಯನ್ನು ಹಣೆಗೆ ಒತ್ತಿಕೊಂಡು ಆಶೀರ್ವಾದ ಬೇಡುತ್ತಿದ್ದೇನೆ. ರಜೆಯಲ್ಲಿ ಒತ್ತಿಕೊಂಡಾಗ ಅದು ಹುಳದ ಔಷಧಿಯ ವಾಸನೆ ಹೊಡೆಯುತ್ತಿತ್ತು, ಬೆರಳಿನ ಚರ್ಮ ಸುಲಿದಿತ್ತು.

ಕಾಲೇಜಿನಿಂದ ನಾನು ತಂದ, ಔಷಧಿಯಿಲ್ಲದೆಯೂ ಹುಳ ತಡೆಯುವಂತೆ ಜೀನ್ ಬದಲಿಸಿದ ಬದನೆ ಸಸಿಗಳನ್ನು ನೀವು ಹಂದಿಗೂಡಿನ ಪಕ್ಕ ಎಸೆದಿರಿ. "ಹುಳಾನೇ ತಿಂದು ಸಾಯುತ್ತಂತೆ, ಇನ್ನು ನಾನ್ ತಿಂದ್ರೆ?" ಹುಳದ ಹೊಟ್ಟೆಯೇ ಬೇರೆ ಅಂದೆ. "ನನ್ ಹೊಟ್ಟೇನ ನಿಮ್ ಮೇಷ್ಟ್ರು ಯಾವಾಗ ನೋಡಿದ್ರಮ್ಮಾ?" ಎಂದು ಪಕ್ಕದ ಹೊಲದ ಕುಲಾಸ್ ಮಾವನ ಜೊತೆ ಸೇರಿ ನಕ್ಕಿರಿ. ಆಮೇಲೆ ಮಾರುವ ಬದನೆಯನ್ನು ಬರಿಗೈಯಲ್ಲೇ ವಿಷದ ಬಕೆಟ್ಟಿನಲ್ಲಿ ಅದ್ದಿದಿರಿ. ನಮಗೆ ಮಾತ್ರ ಅಡುಗೆಮನೆ ಹಿಂದಿನ, ಔಷಧಿ ಹೊಡೆಯದ ಸಾಲು. "ತೂತಿರೋದನ್ನೇ ಕೀಳು ಮಗಳೇ, ಅದೇ ಒಳ್ಳೇದು."

ಹೊಸ ತಳಿಯೊಂದನ್ನೇ ನೆಟ್ಟರೆ ಹುಳಗಳು ಅದಕ್ಕೂ ಒಗ್ಗಿಬಿಡಬಹುದು, ಪಕ್ಕದಲ್ಲಿ ಹಳೆಯ ಬದನೆಯ ಸಾಲೊಂದನ್ನು ಹುಳಕ್ಕೆಂದೇ ಬಿಡಬೇಕು ಎಂದು ಪ್ರೊಫೆಸರೇ ಹೇಳಿದರು. ಆ ಸಾಲು ನಮ್ಮಲ್ಲಿ ಮೊದಲಿನಿಂದಲೂ ಇದೆಯಲ್ಲಪ್ಪಾ!

ಇಲ್ಲಿ ಮೆಸ್ಸಿನಲ್ಲಿ ಆಗಾಗ ಸುಟ್ಟ ಬದನೆಯ ಆಮ್ಲೆಟ್ ಮಾಡುತ್ತಾರೆ. ಸುಡುವ ಮುಂಚೆ ಹೋಗಿ ನೋಡಿದೆ. ಎಲ್ಲ ಮಾರುಕಟ್ಟೆಯವು, ಮಿರಮಿರ ಮಿಂಚುತ್ತವೆ, ಒಂದರಲ್ಲೂ ತೂತಿಲ್ಲ. ನಾನು ತಟ್ಟೆಯ ಅಂಚಿಗೆ ಸರಿಸುತ್ತೇನೆ. "ಬದನೆ ಬೆಳೆಯೋರ ಮಗಳಿಗೇ ಬದನೆ ಸೇರಲ್ವೇನೇ?" ಎಂದು ರೂಮ್‌ಮೇಟ್ ಅಣಕಿಸುತ್ತಾಳೆ.

ಮುಂದಿನ ರಜೆಗೆ ಮತ್ತೆ ಸಸಿ ತರುತ್ತೇನೆ, ದಯವಿಟ್ಟು ಎಸೆಯಬೇಡಿ. ಅಲ್ಲಿಯವರೆಗೆ ಗ್ಲೌಸ್ ಹಾಕಿಕೊಳ್ಳಿ. ಕುಲಾಸ್ ಮಾವ ಈ ಕಡೆ ಬಂದರೆ ತೂತಿರುವ ಬದನೆ ನಾಲ್ಕು ಕೊಟ್ಟು ಕಳಿಸಿ. ನೀವು ಮಾರಿದ್ದನ್ನು ತಿನ್ನುವವರ ಪಂಕ್ತಿಯಲ್ಲಿ ಈಗ ನಾನೂ ಕೂತಿದ್ದೇನೆ, ಅಪ್ಪಾ.

ನಿಮ್ಮ ಮಗಳು,
ಮಿರಾಸೋಲ್