ಪಟ್ಟಿಯಲ್ಲಿಲ್ಲದ ಪಗುಮೆ

ಅಡಿಸ್ ಅಬಾಬಾ, ನೆಹಸೆ ೧೯, ರಾತ್ರಿ

ನಮ್ಮ ಇಥಿಯೋಪಿಯಾದ ವರ್ಷದ ಐದು ದಿನಗಳನ್ನು ಕದ್ದಿದ್ದಾರೆ. ಇಂಜಿನಿಯರ್ ಜೆರಿಹುನ್ ಗೋಡೆಗೆ ಅಂಟಿಸಿದ ಕಟ್ಟಡದ ವೇಳಾಪಟ್ಟಿಯಲ್ಲಿ ತಿಂಗಳು ಹನ್ನೆರಡೇ. ನೆಹಸೆ ಮುಗಿದರೆ ನೇರ ಹೊಸ ವರ್ಷ. ಹದಿಮೂರನೆಯ ತಿಂಗಳು ಪಗುಮೆ, ಇರುವುದೇ ಐದು ದಿನ, ಅದೇ ಮಾಯ. ಜನರ ಕಾಲವನ್ನು ಅಳಿಸುವವರು ಜನರನ್ನೇ ಅಳಿಸುತ್ತಾರೆ ಎಂದು ಕರಪತ್ರದಲ್ಲಿ ಓದಿದ್ದೆ. ಇವತ್ತು ಜೆರಿಹುನ್ ಎದುರು ಅದನ್ನೇ ಕೂಗಿದೆ.

ಜೆರಿಹುನ್ ಪಟ್ಟಿ ನೋಡಿದರು. "ಹೌದಲ್ಲಮ್ಮ, ಮರೆತೇ ಹೋಗಿತ್ತು" ಎಂದು ಪೆನ್ಸಿಲ್ ತೆಗೆದು ಆ ಐದು ದಿನಕ್ಕೂ ಮೇಲಿನ ಮಹಡಿಯ ಗಾರೆ ಕೆಲಸ ಬರೆದರು. ನನ್ನ ಕೈ ಬೇರೆ ಕುಲುಕಿದರು.

ಹೊರಗೆ ಬಂದರೆ, ನಾನು ಈ ವರ್ಷವಷ್ಟೇ ಸೇರಿದ ಗಾರೆ ತಂಡ ಕಾಯುತ್ತಿತ್ತು. ನಾವೆಲ್ಲ ಗೌರವದಿಂದ ಗಾಶೆ ಎನ್ನುವ ಹಿರಿಯ ಮೇಸ್ತ್ರಿ ಮೆಲಾಕು ಕೇಳಿದರು: "ನಿಂಗೆ ಓದೋಕೆ ಕಲಿಸಿದ್ದು ಯಾರವ್ವ?"

"ನಾನೇ ಕಲಿತೆ, ಗಾಶೆ."

"ಅದಕ್ಕೇ ಹಿಂಗೆ. ಪಟ್ಟೀಲಿ ಇಲ್ದಿದ್ ದಿನ ಕೆಲಸಾನೂ ಇಲ್ಲ ಅಂತ ಮೂರು ವರ್ಷದಿಂದ ಸದ್ದಿಲ್ದೆ ಊರಿಗೆ ಹೋಗಿ ಬರ್ತಿದ್ವಿ. ಈ ಸಲ ನಮ್ಮೂರು ದೆಸ್ಸಿಗೆ ಹೋಗಿ ಹೊಸ ಮೊಮ್ಮಗಳನ್ನ ನೋಡೋದಿತ್ತು."

ಕದ್ದವರು ನಮ್ಮವರೇ ಆಗಿದ್ದರೆ ಏನು ಕೂಗಬೇಕೆಂದು ಯಾವ ಕರಪತ್ರದಲ್ಲೂ ಇಲ್ಲ. ಹುಡುಕಿದೆ.

ಆ ಐದು ದಿನ ಮತ್ತೆ ಕಳೆದುಹೋಗುವಂತೆ ಮಾಡಲು ಸಭೆಯಂತೆ. ನಾನು ಬರಲೇಬೇಕಂತೆ, ಬಾಯಿ ಮಾತ್ರ ಬಿಡಬಾರದಂತೆ. ಶನಿವಾರ ಸಂಜೆ ಕೆಲಸ ಬಿಟ್ಟ ಮೇಲೆ, ನಮ್ಮ ಗಡಿಯಾರದ ಹನ್ನೊಂದು ಗಂಟೆಗೆ, ಸಿಮೆಂಟ್ ಶೆಡ್ಡಿನ ಹಿಂದೆ.